ಸಿಮ್ಯುಲೇಟರ್‌ನಲ್ಲಿ ಏಜೆಂಟ್ ಎಡವುತ್ತಿದ್ದರೆ ಮೊದಲು ಟೂಲ್ ವಿವರಣೆ ತಿದ್ದಿ

ಕಾರು ಓಡಿಸುವುದನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ಕಾರ್ಲಾ ಸಿಮ್ಯುಲೇಟರ್‌ಗೆ ಭಾಷಾ ಮಾಡೆಲ್ ಒಂದನ್ನು ಏಜೆಂಟ್ ಆಗಿ, ಅಂದರೆ ಚಾಲಕನಾಗಿ, ಜೋಡಿಸಿ ಅದು ಕರೆಯಬಹುದಾದ ಹದಿನಾಲ್ಕು ಟೂಲ್ (ಫಂಕ್ಷನ್) ಕೊಟ್ಟಿದ್ದೀರಿ. ಏಜೆಂಟ್ ಒಮ್ಮೆ ವಿಪರೀತ ವೇಗದಲ್ಲಿ ಓಡಿಸುತ್ತದೆ, ಇನ್ನೊಮ್ಮೆ ಹೇಳಿದ ಲೇನ್ ಬಿಟ್ಟು ಬೇರೆಡೆಗೆ ನುಗ್ಗುತ್ತದೆ. ಮಾಡೆಲ್ ಬದಲಿಸಬೇಕೇ ಎಂದು ಕೇಳಿದ್ದೀರಿ. ಈಗಲೇ ಬೇಡ. ನಿಮ್ಮ ಪೈಥಾನ್ ಫಂಕ್ಷನ್ನಿನ ಒಳಗೆ ಏನಿದೆ ಎಂಬುದು ಮಾಡೆಲ್‌ಗೆ ಕಾಣುವುದಿಲ್ಲ. ಟೂಲ್‌ನ ಹೆಸರು, ವಿವರಣೆ, ಪ್ಯಾರಾಮೀಟರ್‌ಗಳ ಪಟ್ಟಿ, ಅದರ ಕೈಗೆ ಸಿಗುವುದು ಇಷ್ಟೇ.

ನನಗೆ ಇದು ಅರ್ಥವಾಗಲು ಎರಡು ದಿನ ವ್ಯರ್ಥವಾದವು. ‘ಸೆಟ್ ಸ್ಪೀಡ್’ ಎಂಬ ಟೂಲ್‌ಗೆ ‘ವಾಹನದ ವೇಗವನ್ನು ನಿಗದಿಪಡಿಸುತ್ತದೆ’ ಎಂದಷ್ಟೇ ಬರೆದಿದ್ದೆ. ರಸ್ತೆಯ ಮಿತಿ ಗಂಟೆಗೆ 40 ಕಿ.ಮೀ. ಎಂದು ಕೆಲಸದ ಸೂಚನೆಯಲ್ಲಿತ್ತು. ಮಾಡೆಲ್ 40 ಎಂದೇ ಕಳುಹಿಸಿತು. ಕೋಡ್ ಅದನ್ನು ಸೆಕೆಂಡಿಗೆ 40 ಮೀಟರ್ ಎಂದು ಓದಿಕೊಂಡಿತು, ಅಂದರೆ ಗಂಟೆಗೆ 144 ಕಿ.ಮೀ. ಮೊದಲ ತಿರುವಿನಲ್ಲೇ ಕಾರು ರಸ್ತೆ ಬಿಟ್ಟಿತು. ನಾನೋ ಪ್ರಾಂಪ್ಟ್‌ನಲ್ಲಿ ‘ನಿಧಾನವಾಗಿ ಓಡಿಸು’ ಎಂದು ಸೇರಿಸುತ್ತ ಕುಳಿತಿದ್ದೆ. ಈ ಗೊಂದಲ ಕಾರ್ಲಾದೊಳಗೇ ಇದೆ: ವಾಹನದ ವೇಗ ಕೇಳಿದರೆ ಉತ್ತರ ಮೀಟರ್/ಸೆಕೆಂಡ್‌ನಲ್ಲಿ ಬರುತ್ತದೆ, ಆದರೆ ಕಾರ್ಲಾ ಜೊತೆ ಬರುವ ‘ಬೇಸಿಕ್ ಏಜೆಂಟ್’ ಎಂಬ ಸಿದ್ಧ ಚಾಲಕ ಪ್ರೋಗ್ರಾಂಗೆ ಗುರಿವೇಗವನ್ನು ಕಿ.ಮೀ./ಗಂಟೆಯಲ್ಲಿ ಕೊಡಬೇಕು. ವಾಹನ ಸಂಚಾರ ಅನುಕರಿಸುವ ಸುಮೋ ಸಿಮ್ಯುಲೇಟರ್‌ನಲ್ಲಂತೂ ವೇಗ -1 ಎಂದು ಕೊಟ್ಟರೆ ವಾಹನದ ಹಿಡಿತವನ್ನು ಅದರ ಸ್ವಂತ ಚಾಲನಾ ಮಾದರಿಗೆ ಮರಳಿಸಿದಂತೆ. ವಿವರಣೆಯಲ್ಲಿ ಬರೆಯದಿದ್ದರೆ ಇದನ್ನು ಊಹಿಸುವುದು ಹೇಗೆ?

ಆಮೇಲೆ ಕೋಡನ್ನೂ ಸರಿಪಡಿಸಿ ನಾನು ಬರೆದದ್ದು ಹೀಗಿತ್ತು: ‘ಕಾರಿನ ಗುರಿವೇಗವನ್ನು ಕಿ.ಮೀ./ಗಂಟೆಯಲ್ಲಿ ನಿಗದಿಪಡಿಸುತ್ತದೆ. 0ರಿಂದ 80ರವರೆಗಿನ ಅಂಕಿ ಮಾತ್ರ. ಕರೆದ ತಕ್ಷಣ ವೇಗ ಬದಲಾಗುವುದಿಲ್ಲ. ಮುಂದಿನ ಟಿಕ್‌ಗಳಲ್ಲಿ (ಸಿಮ್ಯುಲೇಟರ್‌ನ ಕಾಲದ ಹೆಜ್ಜೆಗಳಲ್ಲಿ) ಕ್ರಮೇಣ ಬದಲಾಗುತ್ತದೆ. ಅಡ್ಡಿ ಎದುರಾದಾಗ ಇದನ್ನು ಬಳಸಬೇಡಿ, ತುರ್ತು ಬ್ರೇಕ್ ಟೂಲ್ ಬಳಸಿ.’ ಪ್ಯಾರಾಮೀಟರ್‌ನ ಹೆಸರಿನಲ್ಲೂ ಏಕಮಾನ ಸೇರಿಸಿದೆ. 80 ದಾಟಿದರೆ ಕೋಡ್ ಸದ್ದಿಲ್ಲದೆ 80ಕ್ಕೆ ಇಳಿಸಬಾರದು, ಕರೆಯನ್ನು ತಿರಸ್ಕರಿಸಿ ಕಾರಣ ಹೇಳಬೇಕು. ಇಲ್ಲದಿದ್ದರೆ ತಾನು ಕೇಳಿದ್ದೇ ಆಯಿತೆಂದು ಏಜೆಂಟ್ ನಂಬಿಕೊಳ್ಳುತ್ತದೆ.

ನಿಮ್ಮ ಲೇನ್ ಸಮಸ್ಯೆಯ ಮೂಲ ಬಹುಶಃ ಧನ-ಋಣ ಚಿಹ್ನೆಯಲ್ಲಿದೆ. ಕಾರ್ಲಾದಲ್ಲಿ ವೈ ಅಕ್ಷ ಬಲಕ್ಕೆ ಬೆಳೆಯುತ್ತದೆ, ರೋಬೋಟ್ ತಂತ್ರಾಂಶವಾದ ರೋಸ್‌ನಲ್ಲಿ ಎಡಕ್ಕೆ. ಓಪನ್‌ಡ್ರೈವ್ ಎಂಬ ಮಾದರಿಯ ರಸ್ತೆ ನಕ್ಷೆಯಲ್ಲಿ ರಸ್ತೆಯ ಉಲ್ಲೇಖ ರೇಖೆಯ ಬಲಗಡೆಯ ಲೇನ್‌ಗಳಿಗೆ ಋಣ ಸಂಖ್ಯೆ, ಎಡಗಡೆಯವಕ್ಕೆ ಧನ ಸಂಖ್ಯೆ. ಬಲಬದಿ ಸಂಚಾರದ ರಸ್ತೆಯಲ್ಲಿ -1ರಿಂದ -2ಕ್ಕೆ ಹೋದರೂ ಚಾಲಕ ಬಲಕ್ಕೆ ಸರಿಯುತ್ತಾನೆ, ಎದುರು ದಿಕ್ಕಿನವನು 1ರಿಂದ 2ಕ್ಕೆ ಹೋದರೂ ಅವನ ಬಲಕ್ಕೇ ಸರಿಯುತ್ತಾನೆ. ಈ ಲೆಕ್ಕವನ್ನು ಮಾಡೆಲ್‌ನ ತಲೆಗೆ ಕಟ್ಟಬೇಡಿ. ‘ಎಡ’, ‘ಬಲ’ ಎಂಬ ಎರಡೇ ಆಯ್ಕೆ ಕೊಟ್ಟು, ‘ಚಾಲಕನ ದೃಷ್ಟಿಯಿಂದ’ ಎಂದು ಬರೆಯಿರಿ. ಸಂಖ್ಯೆಯ ಪರಿವರ್ತನೆ ಕೋಡ್‌ನ ಕೆಲಸವಾಗಲಿ. ಎಡಕ್ಕೆ ಜಾಗವಿಲ್ಲದಿದ್ದರೆ ಬರಿಯ ‘ದೋಷ’ ಎನ್ನುವ ಬದಲು ‘ಎಡಕ್ಕೆ ಲೇನ್ ಇಲ್ಲ, ಬಲಕ್ಕೆ ಒಂದಿದೆ’ ಎಂದು ಹಿಂತಿರುಗಿಸಿ.

ಹೆಚ್ಚಿನವರು ಬಿಟ್ಟುಬಿಡುವುದು ಕಾಲದ ವಿಷಯ. ಸಿಂಕ್ರೊನಸ್ ಮೋಡ್‌ನಲ್ಲಿ ಟಿಕ್ ಕೊಡುವವರೆಗೆ ಸಿಮ್ಯುಲೇಟರ್‌ನ ಜಗತ್ತು ನಿಂತೇ ಇರುತ್ತದೆ, ಹೆಜ್ಜೆ 0.05 ಸೆಕೆಂಡ್ ಇದ್ದರೆ ಒಂದು ಸೆಕೆಂಡಿಗೆ 20 ಟಿಕ್ ಬೇಕು. ಇದು ತಿಳಿಯದ ಏಜೆಂಟ್ ಬ್ರೇಕ್ ಒತ್ತಿ, ಕೂಡಲೇ ವೇಗ ಕೇಳಿ, ಅದೇ ಅಂಕಿ ನೋಡಿ ಮತ್ತೆ ಮತ್ತೆ ಬ್ರೇಕ್ ಒತ್ತುತ್ತದೆ. ಅಸಿಂಕ್ರೊನಸ್ ಆದರೆ, ಅಂದರೆ ಜಗತ್ತು ನಿಮ್ಮ ಟಿಕ್‌ಗೆ ಕಾಯದೆ ತಾನಾಗಿಯೇ ಸಾಗುತ್ತಿದ್ದರೆ, ತೊಂದರೆ ತಿರುಗುಮುರುಗಾಗುತ್ತದೆ: ಮಾಡೆಲ್ ಮೂರು ಸೆಕೆಂಡ್ ಯೋಚಿಸುವಷ್ಟರಲ್ಲಿ ಗಂಟೆಗೆ 50 ಕಿ.ಮೀ. ವೇಗದ ಕಾರು ಸುಮಾರು 42 ಮೀಟರ್ ಸಾಗಿರುತ್ತದೆ. ಕೊನೆಯದಾಗಿ ಕೊಟ್ಟ ಥ್ರಾಟಲ್ (ಆಕ್ಸಿಲರೇಟರ್) ಮುಂದಿನ ಆದೇಶ ಬರುವವರೆಗೆ ಜಾರಿಯಲ್ಲೇ ಇರುತ್ತದೆ ಎಂಬುದನ್ನೂ ವಿವರಣೆಯಲ್ಲಿ ಸೇರಿಸಿ.

ಒಂದೇ ಬಗೆಯವಾಗಿ ಕಾಣುವ ಟೂಲ್‌ಗಳನ್ನು ಎದುರುಬದುರು ಇಟ್ಟು ಓದಿ. ಪರೀಕ್ಷೆ ಆರಂಭಿಸುವ ಮೊದಲು ಕಾರನ್ನು ನೇರವಾಗಿ ಎತ್ತಿಡುವ ಟೂಲ್ ಒಂದಕ್ಕೆ ‘ಕಾರನ್ನು ನಿಗದಿತ ಜಾಗಕ್ಕೆ ಒಯ್ಯುತ್ತದೆ’ ಎಂದು ಬರೆದಿದ್ದೆ. ಏಜೆಂಟ್ ಒಂದು ಮೀಟರೂ ಓಡಿಸದೆ ಅದರಿಂದಲೇ ಗುರಿ ತಲುಪಿತು. ನಾನು ಬರೆದದ್ದನ್ನು ಓದಿದರೆ ಯಾರಾದರೂ ಹಾಗೆಯೇ ಮಾಡುತ್ತಿದ್ದರು. ಆ ಟೂಲನ್ನು ಏಜೆಂಟ್‌ನ ಪಟ್ಟಿಯಿಂದಲೇ ತೆಗೆದುಹಾಕಿದೆ. ಓಡಿಸುವಾಗ ಎಂದೂ ಕರೆಯಬಾರದ ಟೂಲ್ ಅಲ್ಲಿ ಇರುವುದೇ ತಪ್ಪು.

ತಿದ್ದಿದ ಮೇಲೆ ನಿಮ್ಮ ಕೋಡ್ ನೋಡದ ಒಬ್ಬರಿಗೆ ವಿವರಣೆಗಳನ್ನಷ್ಟೇ ಕೊಡಿ. ‘ಮುಂದಿನ ಸಿಗ್ನಲ್‌ನಲ್ಲಿ ನಿಲ್ಲಿಸಿ’ ಎಂಬಂಥ ಹತ್ತು ಕೆಲಸ ಹೇಳಿ, ಯಾವ ಟೂಲನ್ನು ಯಾವ ಅಂಕಿಯೊಡನೆ ಕರೆಯುತ್ತಾರೆಂದು ಕೇಳಿ. ಅವರು ನಿಮ್ಮನ್ನು ಮರುಪ್ರಶ್ನೆ ಕೇಳಿದ ಕಡೆಯೆಲ್ಲ ಒಂದು ವಾಕ್ಯ ಸೇರಿಸಿ. ಲೇನ್ ಬದಲಿಸುವ ಟೂಲ್‌ನ ಈಗಿನ ವಿವರಣೆಯನ್ನು ಇಲ್ಲಿ ಹಾಕಿದರೆ ನಾನೂ ಓದಿ ನೋಡುತ್ತೇನೆ.