ಎಂಜಿನ್ ಯಾರದ್ದು?
ಓದುಗರ ಪ್ರಶ್ನೆಗೆ ಬಳ್ಳಾರಿಯ ನಿವೃತ್ತ ವಾಯುಪಡೆ ತಂತ್ರಜ್ಞರ ಉತ್ತರ

ಸರ್, ತೇಜಸ್ ವಿಮಾನವನ್ನು ನಾವೇ ಮಾಡುತ್ತೇವೆ. ಆದರೂ ಹೊರದೇಶಗಳಿಂದ ಇಷ್ಟೊಂದು ಆಯುಧ ಯಾಕೆ ಕೊಳ್ಳುತ್ತೇವೆ?
— ಬಿ.ಎ. ವಿದ್ಯಾರ್ಥಿನಿ, ಸಿಂಧನೂರು

ನೋಡು ತಂಗಿ, ತೇಜಸ್ ನಮ್ಮದೇ, ಆದರೆ ಅದರ ಎಂಜಿನ್ ಅಮೆರಿಕದ್ದು. ಜಿಇ ಕಂಪನಿಯ ಎಫ್-404. 2021ರಲ್ಲಿ ಸರ್ಕಾರ ಎಚ್‌ಎಎಲ್‌ಗೆ ತೇಜಸ್‌ನ ಸುಧಾರಿತ ಮಾದರಿಯಾದ ಮಾರ್ಕ್-1ಎ 83 ವಿಮಾನಗಳ ಆರ್ಡರ್ ಕೊಟ್ಟಿತು. ಅವುಗಳಿಗೆ ಮೊದಲ ಎಂಜಿನ್ ಸಿಕ್ಕಿದ್ದು 2025ರ ಮಾರ್ಚ್‌ನಲ್ಲಿ. ಅಷ್ಟು ವರ್ಷ ವಾಯುಪಡೆ ಕಾಯಬೇಕಾಯಿತು.

ನಮ್ಮದೇ ಕಾವೇರಿ ಎಂಜಿನ್ ಕೆಲಸ 1980ರ ದಶಕದಲ್ಲೇ ಶುರುವಾಗಿತ್ತು. ತೇಜಸ್‌ಗೆ ಬೇಕಾದಷ್ಟು ಬಲ ಅದರಿಂದ ಬರಲಿಲ್ಲ. ಜೆಟ್ ಎಂಜಿನ್ ಅಂದರೆ ಸುಮ್ನೆ ಅಲ್ಲ. ಟರ್ಬೈನ್ ಬ್ಲೇಡಿನ ಲೋಹ ಕರಗುವುದಕ್ಕಿಂತ ಜಾಸ್ತಿ ಬಿಸಿ ಗಾಳಿಯಲ್ಲಿ ಆ ಬ್ಲೇಡ್ ತಿರುಗುತ್ತಲೇ ಇರಬೇಕು. ಅದಕ್ಕೆ ಇಡೀ ಬ್ಲೇಡನ್ನು ಒಂದೇ ಹರಳಾಗಿ ಎರಕ ಹೊಯ್ಯುತ್ತಾರೆ. ಒಳಗೆ ಸಣ್ಣ ಸಣ್ಣ ದಾರಿ ಬಿಟ್ಟು ತಂಪು ಗಾಳಿ ಹರಿಸುತ್ತಾರೆ. ವಿಮಾನ ಮಾರುವವರು ಬೇಕಾದಷ್ಟು ಜನ ಸಿಗುತ್ತಾರೆ. ಈ ವಿದ್ಯೆಯನ್ನು ಮಾತ್ರ ಯಾರೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ನಾನು ಅಲ್ಲಿಂದಲೇ ಬಂದ ಮಿಗ್-29 ಯುದ್ಧವಿಮಾನಗಳ ಎಂಜಿನ್ ವಿಭಾಗದಲ್ಲಿದ್ದೆ. ಬಿಡಿಭಾಗ ಮಾಡುವ ಕಾರ್ಖಾನೆಗಳು ಬೇರೆ ಬೇರೆ ದೇಶಗಳ ಪಾಲಾದವು. ಹಾಳಾದ ಭಾಗಕ್ಕೆ ಬದಲಿ ಬರುತ್ತಲೇ ಇರಲಿಲ್ಲ. ಒಂದು ವಿಮಾನದಿಂದ ಬಿಚ್ಚಿ ಇನ್ನೊಂದಕ್ಕೆ ಹಾಕುತ್ತಿದ್ದೆವು. ಪೈಲಟ್ ತಯಾರು, ವಿಮಾನವೂ ಎದುರಿಗಿದೆ, ಹಾರಿಸಲು ಆಗುವುದಿಲ್ಲ. ಆ ಸಂಕಟ ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ಅದಕ್ಕೇ ಹೇಳುತ್ತೇನೆ, ಪೇಪರಿನಲ್ಲಿ ಆಯುಧ ಖರೀದಿ ಸುದ್ದಿ ಬಂದರೆ ಎಷ್ಟು ಸಾವಿರ ಕೋಟಿ ಅಂತ ನೋಡಿ ಬಿಡಬೇಡ. ಎಂಜಿನ್ ಯಾರದ್ದು, ಬಿಡಿಭಾಗ ಎಲ್ಲಿಂದ, ರಿಪೇರಿ ನಮ್ಮಲ್ಲೇ ಆಗುತ್ತದಾ ಅಂತ ಹುಡುಕು.

ನಿಮ್ಮ ರಾಯಚೂರು ಜಿಲ್ಲೆಯ ನೆಲಕ್ಕೆ ಹೀಗೆ ಹೊರಗಿನವರನ್ನು ನೆಚ್ಚಿಕೊಳ್ಳುವುದು ಹೊಸದಲ್ಲ. ವಿಜಯನಗರಕ್ಕೆ ಬೇಕಾದ ಒಳ್ಳೆ ಯುದ್ಧದ ಕುದುರೆಗಳು ಅರೇಬಿಯಾ, ಹೋರ್ಮುಜ್ ಕಡೆಯಿಂದ ಹಡಗಿನಲ್ಲಿ ಬರಬೇಕಿತ್ತು. ಅಲ್ಲಿನ ಅರಸ ಸಾಳುವ ನರಸಿಂಹ ದಾರಿಯಲ್ಲಿ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದನಂತೆ, ಬಾಲ ತಂದು ತೋರಿಸಿದರೆ ಸಾಕಿತ್ತು. ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಇದನ್ನು ಬರೆದಿಟ್ಟಿದ್ದಾನೆ. 1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿತು. ಕುದುರೆ ವ್ಯಾಪಾರದ ಲಗಾಮೂ ಅವರ ಕೈಗೆ ಹೋಯಿತು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ, ಕುದುರೆ ಮಾರಲು ಬಂದಿದ್ದ ಫಿಗ್ಯೂರೆಡೊ ಎಂಬವನೂ ಅವನ ಜೊತೆಗಿದ್ದ 20 ಪೋರ್ಚುಗೀಸರೂ ಗೋಡೆ ಮೇಲಿದ್ದವರಿಗೆ ಕೋವಿಯಿಂದ ಗುರಿಯಿಟ್ಟು ಹೊಡೆದರು. ಎದುರಾಳಿ ಆದಿಲ್ ಶಾಹಿ ಪಾಳೆಯದಲ್ಲೂ ಪೋರ್ಚುಗೀಸರಿದ್ದರು!

ಇವತ್ತೂ ನೋಡು. ಪಾಕಿಸ್ತಾನ ಚೀನಾ ಜೊತೆ ಸೇರಿ ಮಾಡಿದ ಜೆಎಫ್-17 ಯುದ್ಧವಿಮಾನ ಹಾರುವುದು ರಷ್ಯಾದ ಆರ್‌ಡಿ-93 ಎಂಜಿನ್ ಮೇಲೆ. ನಾನು ವರ್ಷಗಟ್ಟಲೆ ಬಿಚ್ಚಿ ಜೋಡಿಸಿದ ಮಿಗ್-29 ಎಂಜಿನ್ನಿನಿಂದಲೇ ಬಂದದ್ದು ಅದು. ಹಾಗಂತ ರಷ್ಯಾ ಮೇಲೆ ನನಗೆ ಸಿಟ್ಟಿಲ್ಲ. ಮಾರುವವರಿಗೆ ಅವರ ಲೆಕ್ಕ ಇರುತ್ತದೆ. ನಮ್ಮ ಲೆಕ್ಕ ನಮಗಿರಬೇಕು, ಅಲ್ವಾ? ಜಗತ್ತಿನ ಆಯುಧ ವ್ಯಾಪಾರದ ಲೆಕ್ಕ ಇಡುವ ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆ ಪ್ರಕಾರ 2010–14ರಲ್ಲಿ ನಮ್ಮ ಆಯುಧ ಆಮದಿನಲ್ಲಿ ರಷ್ಯಾ ಪಾಲು ಶೇ 72. 2020–24ರಲ್ಲಿ ಶೇ 36. ಫ್ರಾನ್ಸ್, ಇಸ್ರೇಲ್‌ಗಳಿಂದ ಈಗ ಜಾಸ್ತಿ ಕೊಳ್ಳುತ್ತಿದ್ದೇವೆ. ಒಬ್ಬರನ್ನೇ ನಂಬಿ ಕೂರದಿರುವುದು ಒಳ್ಳೆಯದೇ. ಆದರೆ ಎಂಜಿನ್ ಕೈಗೆ ಬರುವ ತನಕ ಕಾಯುವುದು ತಪ್ಪುವುದಿಲ್ಲ.

ನಾವೂ ಬೇರೆಯವರಿಗೆ ಆಯುಧ ಮಾರುತ್ತೇವಾ?
— ಶಿಕ್ಷಕರು, ಗಂಗಾವತಿ

ಮಾರುತ್ತೇವೆ, ಮೇಷ್ಟ್ರೇ. 2022ರ ಜನವರಿಯಲ್ಲಿ ಫಿಲಿಪೀನ್ಸ್ ನಮ್ಮ ಬ್ರಹ್ಮೋಸ್ ಕ್ಷಿಪಣಿಗೆ ಸಹಿ ಹಾಕಿತು. ಸುಮಾರು 37.5 ಕೋಟಿ ಡಾಲರ್ ವ್ಯವಹಾರ. 2024ರ ಏಪ್ರಿಲ್‌ನಲ್ಲಿ ಮೊದಲ ಕಂತು ತಲುಪಿತು. ದಕ್ಷಿಣ ಚೀನಾ ಸಮುದ್ರದಲ್ಲಿ ಚೀನಾ ಹಡಗುಗಳ ಕಾಟ ಜಾಸ್ತಿಯಾಗಿ ಅವರಿಗೆ ಕರಾವಳಿ ಕಾಯಲು ಅದು ಬೇಕಾಗಿತ್ತು. ಬ್ರಹ್ಮೋಸ್ ನಾವು ಮತ್ತು ರಷ್ಯಾ ಕೂಡಿ ಮಾಡಿದ್ದು, ಅದರ ರಾಮ್‌ಜೆಟ್ ಎಂಜಿನ್ ಮೂಲತಃ ರಷ್ಯಾದ್ದೇ. ಆದರೂ ಮಾರಿದವರು ನಾವು. ಇನ್ನು ಅವರಿಗೆ ಬಿಡಿಭಾಗ, ರಿಪೇರಿ ಒದಗಿಸುವ ಜವಾಬ್ದಾರಿಯೂ ನಮ್ಮ ಮೇಲಿದೆ.