ಬಚ್ಚಲ ನೀರಿಗೆ ಮಾಡಿನ ನೀರು ಸೇರಿದರೆ

ಪ್ರಶ್ನೆ: ನಮ್ಮದು ನಲವತ್ತು ಮನೆಗಳ ಊರು. ಶೌಚಾಲಯಕ್ಕೆ ಬೇರೆ ಗುಂಡಿಗಳಿವೆ. ಬಚ್ಚಲು, ಅಡುಗೆಮನೆ ನೀರಿನ ಇಂಗುಗುಂಡಿಗಳು ಮಾತ್ರ ಜುಲೈ ಬಂತೆಂದರೆ ಉಕ್ಕುತ್ತವೆ. ಈ ನೀರನ್ನು ಒಂದೆಡೆ ಸೇರಿಸಿ, ಕರೆಂಟಿಲ್ಲದೆ ಶುದ್ಧ ಮಾಡಿ ಅಡಿಕೆ ತೋಟಕ್ಕೆ ಬಿಡಬಹುದೇ?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಬಿಡಬಹುದು. ಗುಂಡಿಯನ್ನು ಇನ್ನಷ್ಟು ಆಳ ಮಾಡಲು ಮಾತ್ರ ಹೋಗಬೇಡಿ. ಮಳೆಗಾಲದಲ್ಲಿ ಬಾವಿ ನೀರು ಕೈಗೆಟುಕುವಷ್ಟು ಮೇಲೆ ಬಂದಿರುವಾಗ ನೆಲಕ್ಕೆ ಇಂಗಿಸಿಕೊಳ್ಳಲು ಜಾಗವೆಲ್ಲಿದೆ? ಆಳ ಹೆಚ್ಚಿದಷ್ಟೂ ಕೊಳೆ ಬಾವಿಗೆ ಹತ್ತಿರ.

180 ಜನ, ತಲಾ 55 ಲೀಟರ್, ಅದರಲ್ಲಿ ನೂರಕ್ಕೆ 80 ಪಾಲು ಹೊರಬಂದರೆ ದಿನಕ್ಕೆ ಸುಮಾರು 8,000 ಲೀಟರ್. ಮೊದಲು ಜಾಲರಿ, ಜಿಡ್ಡಿನ ತೊಟ್ಟಿ. ನಂತರ 8,000 ಲೀಟರಿನ ತಿಳಿಗೊಳಿಸುವ ತೊಟ್ಟಿ. ಅದಕ್ಕೆ ಹೊಂದಿಕೊಂಡು ನಾಲ್ಕು ಮುಚ್ಚಿದ ಕೋಣೆಗಳು: ಒಂದೊಂದರ ತಳ 1.5 ಚದರ ಮೀಟರ್, ನೀರಿನ ಆಳ 1.8 ಮೀಟರ್. ಪ್ರತಿ ಕೋಣೆಗೂ ನೀರು ಪೈಪಿನಲ್ಲಿ ತಳದಿಂದ 20 ಸೆಂ.ಮೀ. ಮೇಲಿನವರೆಗೆ ಇಳಿದು, ಅಲ್ಲಿಂದ ಕೆಸರನ್ನು ಹಾಯ್ದು ಮೇಲೇರಬೇಕು. ಕೊಳೆ ತಿನ್ನುವ ಸೂಕ್ಷ್ಮಾಣುಗಳು ಇರುವುದು ಆ ಕೆಸರಿನಲ್ಲೇ. ಶುರುವಿನಲ್ಲಿ ಸಗಣಿ ಬಗ್ಗಡ ಹಾಕಿ. ಹದಕ್ಕೆ ಬರಲು ಎರಡು ಮೂರು ತಿಂಗಳು ಬೇಕು, ಅಷ್ಟು ದಿನ ವಾಸನೆ ಸಹಿಸಬೇಕು.

ದಿನದ ನೀರೆಲ್ಲ ಎಂಟೇ ಗಂಟೆಯಲ್ಲಿ ಬಂದರೂ ಕೋಣೆಯೊಳಗೆ ಅದು ಗಂಟೆಗೆ 67 ಸೆಂ.ಮೀ.ನಷ್ಟು ಏರುತ್ತದೆ. ಗಂಟೆಗೆ 1 ಮೀಟರ್ ದಾಟಿತೋ, ಕೆಸರು ಎದ್ದು ಹೊರಗೆ ಕೊಚ್ಚಿಹೋಗುತ್ತದೆ. ಮಲೆನಾಡಿನಲ್ಲಿ ಘಟಕ ಕೆಡುವುದು ಹೆಚ್ಚಾಗಿ ಮಳೆನೀರು ಸೇರಿ ಹೀಗೆಯೇ. 100 ಚದರ ಮೀಟರಿನ ಹೆಂಚಿನ ಮಾಡಿಗೆ ದಿನಕ್ಕೆ 100 ಮಿ.ಮೀ. ಮಳೆ ಬಿದ್ದರೆ 10,000 ಲೀಟರ್! ಒಂದೇ ಮನೆಯ ಮಾಡಿನ ನೀರು ಇಡೀ ಊರಿನ ಬಚ್ಚಲ ನೀರನ್ನು ಮೀರಿಸುತ್ತದೆ. ಆದ್ದರಿಂದ ತೆರೆದ ಚರಂಡಿ ಬೇಡವೇ ಬೇಡ, 110 ಮಿ.ಮೀ. ಪಿವಿಸಿ ಪೈಪು ಹಾಕಿ, ಅಂಗಳದ ನೀರು ಒಳಗಿಳಿಯದಂತೆ ಪೈಪು ಸಾಲಿನ ಚೇಂಬರಿನ ಬಾಯಿ ಒಂದು ಗೇಣು ಎತ್ತರವಿರಲಿ.

ಕೊನೆಯಲ್ಲಿ 80 ಚದರ ಮೀಟರಿನ ಜಲ್ಲಿ ಪಾತಿ, ಆಳ 60 ಸೆಂ.ಮೀ. ಎರಡು ತುದಿಗೂ ದಪ್ಪ ಕಲ್ಲು, ನಡುವೆ ತೊಳೆದ 12 ಮಿ.ಮೀ. ಜಲ್ಲಿ. ಕ್ರಷರ್ ಪುಡಿ ಉಳಿದರೂ ಜಂಬಿಟ್ಟಿಗೆ ಚೂರು ಹಾಕಿದರೂ ನೀರು ಒಳಬರುವ ಬಾಯಿಯಲ್ಲೇ ಕಟ್ಟಿಕೊಳ್ಳುತ್ತದೆ. ಕಾಬಾಳೆ, ಬಜೆ ನೆಡಿ. ನೀರು ಜಲ್ಲಿಯ ಮೇಲ್ಮೈಗಿಂತ 5 ಸೆಂ.ಮೀ. ಕೆಳಗೇ ಇದ್ದರೆ ಸೊಳ್ಳೆ ಕಾಟವಿಲ್ಲ. ಈ ನೀರನ್ನು ಮರದ ಬುಡಕ್ಕೆ ಬಿಡಿ, ಹಸಿ ತಿನ್ನುವ ಸೊಪ್ಪಿಗೆ ಬೇಡ; ರೋಗಾಣು ಪೂರ್ತಿ ಸತ್ತಿರುವುದಿಲ್ಲ.

ಎರಡು ಮೂರು ವರ್ಷಕ್ಕೊಮ್ಮೆ ಕೆಸರು ತೆಗೆಸಿ, ಸ್ವಲ್ಪ ಒಳಗೇ ಉಳಿಸಿ. ಯಂತ್ರದಿಂದಲೇ ತೆಗೆಸಬೇಕು, ಯಾರೂ ಒಳಗಿಳಿಯಕೂಡದು, ವಿಷಾನಿಲವಿರುತ್ತದೆ.

ಪ್ರಶ್ನೆ: ಅಡಿಕೆ ಬೇಯಿಸಿದ ಚೊಗರನ್ನೂ ಇದೇ ಪೈಪಿಗೆ ಬಿಡಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಖಂಡಿತ ಬೇಡ. ಚೊಗರಿನ ಟ್ಯಾನಿನ್ ಆ ಸೂಕ್ಷ್ಮಾಣುಗಳ ಕೆಲಸ ನಿಲ್ಲಿಸುತ್ತದೆ. ಕೊಯ್ಲಿನ ಕಾಲದಲ್ಲಿ ಹಂಡೆಗಟ್ಟಲೆ ಸುರಿದರೆ ಮತ್ತೆ ಹದಕ್ಕೆ ತರುವ ಪಾಡು ಊರಿನದು.

ಪ್ರಶ್ನೆ: ಬ್ಲೋವರ್ (ನೀರಿಗೆ ಗಾಳಿ ಊದುವ ಯಂತ್ರ) ಇರುವ ರೆಡಿಮೇಡ್ ಘಟಕ ಉತ್ತಮವಲ್ಲವೇ?
– ಓದುಗರು, ಸಾಗರ

ಉತ್ತರ: ನೀರು ಹೆಚ್ಚು ತಿಳಿಯಾಗುತ್ತದೆ, ಜಾಗವೂ ಕಡಿಮೆ ಸಾಕು. ಆದರೆ ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಹೋದರೆ ಉಸಿರಾಡಲು ಗಾಳಿಯಿಲ್ಲದೆ ಅದರ ಸೂಕ್ಷ್ಮಾಣುಗಳು ಸಾಯುತ್ತವೆ. ನೀರು ಹಳ್ಳಕ್ಕೇ ಹೋಗುವುದಾದರೆ ಸಾರಜನಕ, ರಂಜಕವನ್ನೂ ತೆಗೆಯುವಂತೆ ರೂಪಿಸಿದ ಇಂಥ ವ್ಯವಸ್ಥೆಯ ಬಗ್ಗೆ ಯೋಚಿಸಿ. ತೋಟಕ್ಕಾದರೆ ಅವೆರಡೂ ಗೊಬ್ಬರವೇ. ದುಡ್ಡು ಕೊಟ್ಟು ತೆಗೆಯುವುದೇಕೆ?