ಮಲೆನಾಡಿನ ಮಳೆಗಾಲದಲ್ಲಿ ಕಾರಿಗೆ ಫೈಬರ್‌ಗ್ಲಾಸ್ ಸಬ್‌ವೂಫರ್ ಬಾಕ್ಸ್ ಮಾಡಬಹುದೇ?

ತಾವು ಹೊಸನಗರದಿಂದ ಕೇಳಿರುವುದು ಇಷ್ಟು: ಹ್ಯಾಚ್‌ಬ್ಯಾಕ್ ಕಾರಿನ ಡಿಕ್ಕಿಯ ಮೂಲೆಗೆ ಹೊಂದುವಂತೆ 10 ಇಂಚಿನ ಸಬ್‌ವೂಫರ್‌ಗೆ (ತಗ್ಗು ದನಿಯ ಸ್ಪೀಕರ್) ಫೈಬರ್ ಬಾಕ್ಸ್ ಮಾಡಬೇಕು, ಜುಲೈನಲ್ಲಿ ಪ್ರಯೋಗಕ್ಕೆಂದು ಹಾಕಿದ ಎರಡು ಪದರ ಫೈಬರ್‌ನ ಅಂಟಂಟು ಇನ್ನೂ ಹೋಗಿಲ್ಲ, ಇದಕ್ಕೆ ಮಳೆ ಕಾರಣವೇ, ಒಟ್ಟು ಎಷ್ಟು ಪದರ ಬೇಕು, ಬಾಕ್ಸಿನ ಗಾತ್ರ ಎಷ್ಟಿರಬೇಕು? ನಾನು ಶಿವಮೊಗ್ಗದಲ್ಲಿ ವಾಹನಗಳ ಫೈಬರ್ ಕೆಲಸ ಮಾಡುವವನಾದ್ದರಿಂದ ಅಂಟಿನ ವಿಷಯವನ್ನೇ ಮೊದಲು ಹೇಳುತ್ತೇನೆ. ಅದು ಬಗೆಹರಿಯದೆ ಉಳಿದ ಲೆಕ್ಕಾಚಾರದಿಂದ ಪ್ರಯೋಜನವಿಲ್ಲ.

ಅಂಟು ಎರಡು ಬಗೆಯದು. ಗಾಜಿನ ನಾರಿಗೆ ಕುಡಿಸುವ ದ್ರವವಾದ ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ ಗಾಳಿಗೆ ತೆರೆದಿದ್ದಾಗ ಅದರ ಮೇಲ್ಮೈಯಲ್ಲಿ ಆಮ್ಲಜನಕವು ಗಟ್ಟಿಯಾಗುವ ಕ್ರಿಯೆಯನ್ನು ತಡೆಯುತ್ತದೆ. ಹಾಗಾಗಿ ಒಳಗೆಲ್ಲ ಕಲ್ಲಿನಂತಾಗಿದ್ದರೂ ಮೇಲೆ ತೆಳುವಾದ ಅಂಟು ಉಳಿಯುತ್ತದೆ. ಇದು ದೋಷವಲ್ಲ, ಮುಂದಿನ ಪದರ ಚೆನ್ನಾಗಿ ಹಿಡಿದುಕೊಳ್ಳಲು ಇದೇ ಅನುಕೂಲ. ಉಗುರನ್ನು ಒತ್ತಿ ನೋಡಿ. ಉಗುರಿನ ಗುರುತು ಮೂಡದೆ, ಬೆರಳಿನಿಂದ ತಟ್ಟಿದಾಗ ಟಕಟಕ ಎಂದರೆ ತಮ್ಮ ತುಂಡು ಸರಿಯಾಗಿಯೇ ಇದೆ. ಉಗುರು ಒಳಗೆ ಇಳಿದರೆ, ತುಂಡು ಕೈಯಲ್ಲಿ ಚರ್ಮದಂತೆ ಬಾಗಿದರೆ, ರೆಸಿನ್ ಪೂರ್ತಿ ಬಲಿತಿಲ್ಲ ಎಂದರ್ಥ. ಅದರ ಮೇಲೆ ಇನ್ನೂ ಪದರ ಹಾಕದೆ ಕಿತ್ತು ಎಸೆಯುವುದೇ ಮೇಲು.

ಹೀಗೆ ಬಲಿಯದಿರಲು ನಮ್ಮ ಕಡೆ ಮಳೆಗಾಲ ನಿಜವಾಗಿಯೂ ಕಾರಣವಾಗುತ್ತದೆ. ಸುರುಳಿಯಾಗಿ ತಂದಿಟ್ಟ ಗ್ಲಾಸ್ ಮ್ಯಾಟ್ (ಗಾಜಿನ ನಾರಿನ ಹಾಸು) ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಥಂಡಿಗೆ ರೆಸಿನ್ ನಿಧಾನವಾಗುತ್ತದೆ, ನಿಧಾನವಾಯಿತೆಂದು ರೆಸಿನ್ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಅನ್ನು ಅಳತೆಯಿಲ್ಲದೆ ಸುರಿದರೆ ಅದು ಬಿರುಕು ಬಿಡುತ್ತದೆ. ಹಾರ್ಡನರ್ ಪ್ರಮಾಣ ರೆಸಿನ್ನಿನ ತೂಕದ ಶೇಕಡಾ 1ರಿಂದ 2ರೊಳಗೆ ಇರಬೇಕು, ಅಂದರೆ ಅರ್ಧ ಕಿಲೋ ರೆಸಿನ್ನಿಗೆ 5ರಿಂದ 10 ಗ್ರಾಂ. ಕಣ್ಣಂದಾಜು ಬೇಡ, ಚಿಕ್ಕ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ನನ್ನ ಸಲಹೆ ಕೇಳುವುದಾದರೆ, ಅಡಿಕೆ ಕೊಯ್ಲು ಮುಗಿದು ಅಂಗಳ ಖಾಲಿಯಾಗುವ ಫೆಬ್ರುವರಿಯವರೆಗೆ ಕಾಯಿರಿ. ಬೆಳಗಿನ ಮಂಜು ಪೂರ್ತಿ ಸರಿದ ಮೇಲೆ, ಒಂದು ದಿನ ಬಿಸಿಲಿಗೆ ಹಾಕಿ ತೆಗೆದ ಮ್ಯಾಟ್‌ನಿಂದ, ನೆರಳಿರುವ ತೆರೆದ ಜಾಗದಲ್ಲಿ ಕೆಲಸ ಮಾಡಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ನಮ್ಮಲ್ಲಿ ರೆಸಿನ್, ಕೋಬಾಲ್ಟ್ (ಗಟ್ಟಿಯಾಗುವ ವೇಗ ಹೆಚ್ಚಿಸುವ ದ್ರವ), ಹಾರ್ಡನರ್ ಮೂರನ್ನೂ ಬೇರೆ ಬೇರೆಯಾಗಿ ಕೊಡುವುದುಂಟು. ಕೋಬಾಲ್ಟ್ ಮತ್ತು ಹಾರ್ಡನರ್ ನೇರವಾಗಿ ಒಂದಕ್ಕೊಂದು ಸೇರಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಪೂರ್ತಿ ಕಲಸಬೇಕು, ಆ ಬಳಿಕವಷ್ಟೇ ಹಾರ್ಡನರ್. ಎರಡನ್ನೂ ಅಳೆಯಲು ಒಂದೇ ಮುಚ್ಚಳ ಬಳಸಲೇಬಾರದು. ಹಾರ್ಡನರ್ ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದಾದ್ದರಿಂದ ಕನ್ನಡಕ ಕಡ್ಡಾಯ. ರೆಸಿನ್ನಿನ ಆವಿಗೆ ಬಟ್ಟೆಯ ಮಾಸ್ಕ್ ಸಾಲದು, ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಬಚ್ಚಲೊಲೆ ಉರಿಯುವ ಕಡೆ ಈ ಡಬ್ಬಗಳನ್ನು ಇಡಲೇಬೇಡಿ.

ಇನ್ನು ಗಾತ್ರ. ವೂಫರ್ ಜೊತೆ ಬರುವ ಹಾಳೆಯಲ್ಲಿ ಅದರ ಗುಣ ತಿಳಿಸುವ ಥೀಲ್–ಸ್ಮಾಲ್ ಅಂಕಿಗಳಿರುತ್ತವೆ. ಅವುಗಳಲ್ಲಿ ವಿಎಎಸ್ (Vas, ವೂಫರಿನ ಬಿಗಿತಕ್ಕೆ ಸಮನಾದ ಗಾಳಿಯ ಗಾತ್ರ, ಲೀಟರಿನಲ್ಲಿ) ಮತ್ತು ಕ್ಯೂಟಿಎಸ್ (Qts, ಕಂಪನ ಎಷ್ಟು ಬೇಗ ಅಡಗುತ್ತದೆ ಎಂಬುದರ ಅಂಕಿ) ನೋಡಿಕೊಳ್ಳಿ. ಸೀಲ್ಡ್ ಬಾಕ್ಸಿಗೆ, ಅಂದರೆ ಗಾಳಿಯಾಡದಂತೆ ಮುಚ್ಚಿದ ಬಾಕ್ಸಿಗೆ, ಸಮತೋಲದ ದನಿಗೆ ಸಾಮಾನ್ಯವಾಗಿ ಗುರಿಯಿಡುವ ಅಂಕಿಯಾದ 0.707 ಅನ್ನು ಕ್ಯೂಟಿಎಸ್‌ನಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ, ಅದರಲ್ಲಿ 1 ಕಳೆದು, ಉಳಿದ ಸಂಖ್ಯೆಯಿಂದ ವಿಎಎಸ್ ಅನ್ನು ಭಾಗಿಸಬೇಕು. ಉದಾಹರಣೆಗೆ ವಿಎಎಸ್ 30 ಲೀಟರ್, ಕ್ಯೂಟಿಎಸ್ 0.45 ಇದ್ದರೆ ಸುಮಾರು 20 ಲೀಟರ್ ಬರುತ್ತದೆ. ವೂಫರಿನ ಹಿಂಭಾಗವೇ ಒಳಗೆ ತುಂಬಿಕೊಳ್ಳುವ ಜಾಗವನ್ನು ಇದಕ್ಕೆ ಕೂಡಿಸಿ. ಅಂಕುಡೊಂಕಿನ ಫೈಬರ್ ಚಿಪ್ಪಿನ (ಬಾಕ್ಸಿನ ಹಿಂಭಾಗದ) ಗಾತ್ರವನ್ನು ಟೇಪಿನಿಂದ ಅಳೆಯಲಾಗದು. ಒಣ ಭತ್ತವನ್ನೋ ರಾಗಿಯನ್ನೋ ಅದರೊಳಗೆ ತುಂಬಿ, ಆಮೇಲೆ ಲೀಟರ್ ಗುರುತಿರುವ ಬಕೆಟಿಗೆ ಸುರಿದು ನೋಡಿದರೆ ಲೆಕ್ಕ ಸಿಗುತ್ತದೆ. ಮುಂಭಾಗವನ್ನು ಮುಚ್ಚುವ ಮೊದಲೇ ಒಮ್ಮೆ ಹೀಗೆ ಅಳೆದರೆ ವೂಫರ್ ಕೂರುವ ಮರದ ರಿಂಗನ್ನು ಹಿಂದೆ ಮುಂದೆ ಸರಿಸಲು ಅವಕಾಶವಿರುತ್ತದೆ.

ಮೂಲೆಯ ಅಚ್ಚು ತೆಗೆಯುವ ಮುನ್ನ ಅಲ್ಲಿ ಜಾಕ್ ಇದೆಯೇ, ಹಿಂಬದಿ ದೀಪದ ಬಲ್ಬ್ ಬದಲಿಸಲು ಕೈ ಹೋಗುವ ದಾರಿ ಇದೆಯೇ, ಗಾಳಿ ಹೊರಹೋಗುವ ಕಿಂಡಿ ಇದೆಯೇ ಎಂದು ನೋಡಿ, ಅವನ್ನು ಬಿಟ್ಟು ಆಕಾರ ಗುರುತಿಸಿ. ಮಾಸ್ಕಿಂಗ್ ಟೇಪನ್ನು ಎರಡು ಪದರ ಅಡ್ಡಡ್ಡಲಾಗಿ ಅಂಟಿಸಿ, ಮೇಲೆ ಅಲ್ಯೂಮಿನಿಯಂ ಫಾಯಿಲ್ ಹಾಕಿ, ವ್ಯಾಕ್ಸ್ ಸವರಿ. ಎಲ್ಲ ಬಾಗಿಲುಗಳನ್ನೂ ತೆರೆದಿಟ್ಟು ಮೊದಲ ಎರಡು ಪದರಗಳನ್ನು ಮಾತ್ರ ಕಾರಿನೊಳಗೆ ಹಾಕಿ, ಗಟ್ಟಿಯಾದ ಮೇಲೆ ಚಿಪ್ಪನ್ನು ಹೊರತೆಗೆದು ಉಳಿದದ್ದನ್ನು ಅಂಗಳದಲ್ಲಿ ಮುಗಿಸಿ. ರೆಸಿನ್ ಸರಿಯಾಗಿ ಕುಡಿದ ಮ್ಯಾಟ್ ತನ್ನ ಬಿಳುಪನ್ನು ಕಳೆದುಕೊಂಡು ಕೆಳಗಿನ ಫಾಯಿಲ್ಲಿನ ಹೊಳಪು ಕಾಣುವಷ್ಟು ಪಾರದರ್ಶಕವಾಗುತ್ತದೆ. ಎಲ್ಲಾದರೂ ಬಿಳಿ ಚುಕ್ಕೆ ಉಳಿದರೆ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ, ಬ್ರಷ್ಷನ್ನು ನೆಟ್ಟಗೆ ಹಿಡಿದು ಕುಟ್ಟಿ ಹೊರಗೆ ಹಾಕಿ. ಕಪ್ಪಿನಲ್ಲಿರುವ ರೆಸಿನ್ ಹೆಪ್ಪುಗಟ್ಟಿದ ಮೊಸರಿನಂತೆ ಮುದ್ದೆಯಾಗತೊಡಗಿದರೆ ಅದನ್ನು ಬಳಸದೆ ಹೊರಗಿಟ್ಟುಬಿಡಿ. ಅದು ಬಿಸಿಯೇರಿ ಹೊಗೆಯಾಡುವುದೂ ಉಂಟು.

450 ಜಿಎಸ್‌ಎಂ (ಚದರ ಮೀಟರಿಗೆ 450 ಗ್ರಾಂ ತೂಗುವ) ಮ್ಯಾಟ್ ಒಂದು ಪದರಕ್ಕೆ ಸುಮಾರು 1 ಮಿಲಿಮೀಟರ್ ದಪ್ಪ ಕೊಡುತ್ತದೆ. ತಮ್ಮ ವೂಫರಿಗೆ 5ರಿಂದ 6 ಪದರ ಬೇಕು, ಸಪಾಟಾದ ಜಾಗಗಳಲ್ಲಿ ಇನ್ನೂ ಒಂದೆರಡು ಹೆಚ್ಚಿಗೆ ಹಾಕಿ, ಏಕೆಂದರೆ ಬಾಗಿದ ಮೈಗಿಂತ ಸಪಾಟು ಮೈ ಬೇಗ ಅದುರುತ್ತದೆ. ಒಂದೇ ಸಲಕ್ಕೆ ಮೂರಕ್ಕಿಂತ ಹೆಚ್ಚು ಪದರ ಹಾಕಿದರೆ ಬಿಸಿಗೆ ಚಿಪ್ಪು ಸೊಟ್ಟಗಾಗುತ್ತದೆ. ರಿಂಗಿಗೆ ಎಲ್ಲೆಡೆ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಹೇಳುತ್ತಾರೆ. ನಮ್ಮ ಥಂಡಿಯಲ್ಲಿ ಅದು ಉಬ್ಬಿ ಸ್ಕ್ರೂ ಸಡಿಲವಾಗುವುದರಿಂದ ನಾನು 18 ಮಿಲಿಮೀಟರಿನ ಮರೈನ್ ಪ್ಲೈವುಡ್ ಮಾತ್ರ ಬಳಸುತ್ತೇನೆ. ರಿಂಗನ್ನು ಕಡ್ಡಿಗಳ ಆಧಾರದಲ್ಲಿ ನಿಲ್ಲಿಸಿ, ಅದರಿಂದ ಚಿಪ್ಪಿನ ಅಂಚಿನವರೆಗೆ ಫ್ಲೀಸ್ ಬಟ್ಟೆಯನ್ನು ಸುಕ್ಕಿಲ್ಲದಂತೆ ಎಳೆದು ಸ್ಟೇಪಲ್ ಮಾಡಿ ರೆಸಿನ್ ಕುಡಿಸಿ. ಅದು ಗಟ್ಟಿಯಾದ ಮೇಲೆ ರಿಂಗಿನ ತೂತಿನಿಂದ ಕೈ ಹಾಕಿ ಒಳಗಿನಿಂದ ಮ್ಯಾಟ್ ಪದರಗಳನ್ನು ಕೂರಿಸಬೇಕು, ಬಾಕ್ಸಿನ ಬಲವೆಲ್ಲ ಇರುವುದು ಈ ಒಳಪದರದಲ್ಲೇ. ಪುಟ್ಟಿ, ಎಮರಿ ಪೇಪರ್, ಬಣ್ಣ ಇವೆಲ್ಲ ತಮ್ಮ ತಾಳ್ಮೆಗೆ ಬಿಟ್ಟದ್ದು.

ವೂಫರ್ ಕೂರಿಸಿದ ಮೇಲೆ ಅದರ ಕೋನನ್ನು (ಅದುರುವ ಮುಂಭಾಗವನ್ನು) ಎರಡೂ ಅಂಗೈಗಳಿಂದ ಮೆಲ್ಲಗೆ ಒಳಗೆ ಒತ್ತಿ ಬಿಡಿ. ನಿಧಾನವಾಗಿ ಮರಳಿದರೆ ಬಾಕ್ಸ್ ಗಾಳಿ ಹಿಡಿದಿದೆ. ಥಟ್ಟನೆ ಎದ್ದರೆ ಎಲ್ಲೋ ಸೋರುತ್ತಿದೆ, ವೈರ್ ಹೋಗುವ ತೂತನ್ನು ಮೊದಲು ಪರೀಕ್ಷಿಸಿ. ಹುಲಿಕಲ್ ಅಥವಾ ಆಗುಂಬೆ ಘಾಟಿಯ ತಿರುವುಗಳಲ್ಲಿ ಬಾಕ್ಸ್ ಜಾರದಂತೆ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಯುವುದು ಅಗತ್ಯ. ಆದರೆ ನೆಲಕ್ಕೆ ಡ್ರಿಲ್ ಹಾಕುವ ಮೊದಲು ಕಾರಿನ ಅಡಿಗೆ ಹೋಗಿ ಪೆಟ್ರೋಲ್ ಟ್ಯಾಂಕ್ ಮತ್ತು ಅದರ ಪೈಪುಗಳು ಎಲ್ಲಿವೆ ಎಂಬುದನ್ನು ಕಣ್ಣಾರೆ ನೋಡಿಕೊಳ್ಳಿ.